ತರಬೇತುದಾರನ ಮೊಮ್ಮಗಳು

ಮುದುಕ ವೋಲ್ರಾಬ್‌ಗೆ ಎಂಬತ್ತು ತುಂಬಿತೆಂದು ಕ್ರೀಡಾ ಕ್ಲಬ್ಬಿನವರು ಕೇಕು, ಕಾಫಿ ಇಟ್ಟುಕೊಂಡಿದ್ದರು. ಹೈಡ್ರುನ್‌ಗೆ ಹೋಗುವ ಮನಸ್ಸೇ ಇರಲಿಲ್ಲ. ರಿಲೇ ತಂಡದ ಹಳೆಯ ಗೆಳತಿ ಮಾರ್ಗಿಟ್, "ನೀನೊಬ್ಳು ಬರ್ದಿದ್ರೆ ಜನ ಏನಂತಾರೆ?" ಎಂದು ಪೀಡಿಸಿ ಕರೆದೊಯ್ದಳು.

ಪೂರ್ವ ಜರ್ಮನಿ ಇದ್ದಾಗ ನೂರು ಮೀಟರ್ ಓಟವೆಂದರೆ ಹೈಡ್ರುನ್ ಎನ್ನುತ್ತಿದ್ದರು. ಅವಳಿನ್ನೂ ಶಾಲೆಯಲ್ಲಿದ್ದಾಗಲೇ ತರಬೇತುದಾರ ವೋಲ್ರಾಬ್ ಅಂಗೈಗೆ ನೀಲಿ ಮಾತ್ರೆ ಹಾಕಿ, "ವಿಟಮಿನ್ನು ಕಣೆ, ನನ್ನೆದುರಿಗೇ ನುಂಗು" ಎನ್ನುತ್ತಿದ್ದ. ನುಂಗಿದಳು. ತೊಡೆ ಕಂಬದಂತಾಯಿತು, ಪದಕಗಳು ಬಂದವು. ಗದ್ದದ ಮೇಲೆ ಕೂದಲೂ ಬಂತು, ದನಿ ಗಡಸಾಯಿತು. ರಜೆಗೆ ಮನೆಗೆ ಹೋಗಿ ಬಾಗಿಲಾಚೆಯಿಂದ ಕೂಗಿದರೆ ಹೆತ್ತ ತಾಯಿಯೇ, "ಯಾರಪ್ಪಾ ಅದು?" ಎಂದಿದ್ದಳು. ಮದುವೆಯಾದ ಮೇಲೆ ಬಸಿರು ನಿಲ್ಲಲೇ ಇಲ್ಲ. ಎರಡು ಜರ್ಮನಿ ಒಂದಾದ ಮೇಲೆ ವಿಚಾರಣೆ ನಡೆದು, ಅದು ವಿಟಮಿನ್ನಲ್ಲ, ಗಂಡು ಹಾರ್ಮೋನೆಂದು ಬಯಲಾಯಿತು. ವೋಲ್ರಾಬ್ ದಂಡ ಕಟ್ಟಿ ಕೈ ತೊಳೆದುಕೊಂಡ.

ಈಗ ಅದೇ ಮನುಷ್ಯ ತುಟಿಗೆ ಕೆನೆ ಮೆತ್ತಿಕೊಂಡು ಬಂದು ಅವಳ ಮೊಣಕೈ ಹಿಡಿದ. ಆ ಒದ್ದೆ ಬೆರಳು ತಾಗಿದ್ದೇ ಅವಳು ಮೊಣಕೈ ಬಿಡಿಸಿಕೊಂಡಳು.

"ಹೈಡಿ, ಇವಳು ನನ್ನ ಮೊಮ್ಮಗಳು, ಯೂಲೆ. ಚಿಗರೆ ಹಾಗೆ ಓಡ್ತಾಳೆ. ನಿನ್ನ ಹತ್ರ ಓಟದ ಸ್ಟಾರ್ಟ್ ಕಲೀಬೇಕಂತೆ."

ಹುಡುಗಿ ನಾಚಿ ನಕ್ಕಳು.

"ನನಗೆ ಕೊಡ್ತಿದ್ದ ಮಾತ್ರೆ ಇವಳಿಗೂ ಕೊಡ್ತೀರಾ?" ಎಂದಳು ಹೈಡ್ರುನ್.

ವೋಲ್ರಾಬ್ ಮುಖ ಸಿಂಡರಿಸಿದ. "ಥೂ, ಎಂಥ ಮಾತಾಡ್ತೀಯೆ? ನಮ್ಮನೆ ಮಗು ಕಣೆ ಇದು!"

"ಮತ್ತೆ ನಾನು? ನಾನು ಯಾರ ಮನೆ ಮಗುನೋ, ಮುದುಕ?"

ಮಾರ್ಗಿಟ್ ತೋಳು ಜಗ್ಗಿದಳು. "ಬಿಡೆ, ಇವತ್ತು ಹುಟ್ಟುಹಬ್ಬ."

"ಯಾವ ಮಾತ್ರೆ, ತಾತ?" ಎಂದಳು ಯೂಲೆ.

"ಹಳೇ ಕತೆ, ಪುಟ್ಟಿ. ಕೇಕ್ ತಿನ್ನು."

ಹೈಡ್ರುನ್ ಆ ಗಂಡುದನಿಯಲ್ಲೇ ಹುಡುಗಿಗೆ ಎಲ್ಲ ಹೇಳಿದಳು. ನಿಲ್ಲದ ಬಸಿರುಗಳನ್ನೂ ಮುಚ್ಚಿಡಲಿಲ್ಲ. ಕ್ಲಬ್ಬಿನ ಅಧ್ಯಕ್ಷ ಹೋಗಿ ಸಂಗೀತದ ಸದ್ದು ಏರಿಸಿದ. ಉಳಿದವರು ತಟ್ಟೆ ನೋಡುತ್ತಾ ಕೇಕು ತಿಂದರು. ಯೂಲೆ ಹೆಗಲ ಮೇಲಿದ್ದ ತಾತನ ಕೈಯನ್ನು ಹುಳುವಿನಂತೆ ಕೊಡವಿ ಹೊರಗೆ ಹೋದಳು.

ಅಂದಿನಿಂದ ಮಾರ್ಗಿಟ್ ಹೈಡ್ರುನ್ ಜೊತೆ ಮಾತು ಬಿಟ್ಟಳು. ಯೂಲೆ ಓಟವನ್ನೇ ಬಿಟ್ಟಳೆಂದು ಕೇಳಿ ಹೈಡ್ರುನ್‌ಗೆ ಸಂಕಟವಾಯಿತು. ವೋಲ್ರಾಬ್‌ನನ್ನು ಮಾತ್ರ ಕ್ಲಬ್ಬು ಗೌರವ ಸದಸ್ಯನನ್ನಾಗಿ ಮಾಡಿತು. ಪತ್ರಿಕೆಯಲ್ಲಿ ಅವನ ನಗುಮುಖ ಕಂಡದ್ದೇ ಹೈಡ್ರುನ್ ಆ ಹಾಳೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುತ್ತಿ ಕಸದ ಬುಟ್ಟಿಗೆ ತುರುಕಿದಳು.