ಉದ್ದ ಕಡ್ಡಿಯ ಮೂಗುತಿ

ನಾನೊಂದು ಮೂಗುತಿ. ಜೋಳದ ಕಾಳಿನಷ್ಟು ಚಿನ್ನ, ನಡುವೆ ಒಂದು ಕೆಂಪು ಹರಳು, ಹಿಂದೆ ಒಂದು ಕಡ್ಡಿ, ಅದರ ತುದಿಗೆ ತಿರುಪು. ಇಷ್ಟೇ ನನ್ನ ಮೈ. ಆದರೆ ನನ್ನ ಕಡ್ಡಿ ಬೇರೆ ಮೂಗುತಿಗಳ ಕಡ್ಡಿಗಿಂತ ಉದ್ದ. ನಾನು ಪಟ್ಟ ಪಾಡೆಲ್ಲ ಆ ಉದ್ದದಿಂದಲೇ ಬಂದದ್ದು.

ನಾನು ಹುಟ್ಟಿದ್ದು ದಾವಣಗೆರೆಯ ಒಬ್ಬ ಅಕ್ಕಸಾಲಿಗನ ಅಗ್ಗಿಷ್ಟಿಕೆಯಲ್ಲಿ. ಹುಲುಗವ್ವ ಎಂಬ ಸೂಲಗಿತ್ತಿ ಒಂದು ದೊಡ್ಡ ಮನೆಯ ಕಷ್ಟದ ಹೆರಿಗೆ ಮಾಡಿಸಿದ್ದಳು. ಆ ಮನೆಯವರು ಖುಷಿಯಿಂದ ಮುರಿದ ಚಿನ್ನದ ಓಲೆಯೊಂದನ್ನು ಅವಳ ಸೆರಗಿಗೆ ಮೇಲಿನಿಂದ ಹಾಕಿದರು. ಕೈಗೆ ಕೊಡಲಿಲ್ಲ. ಮಗುವನ್ನು ಮಾತ್ರ ಅದೇ ಕೈಯಿಂದ ಈಸಿಕೊಂಡಿದ್ದರು.

ಅದನ್ನು ಕರಗಿಸಿ ಮೂಗುತಿ ಮಾಡಿಸಲು ಹೋದಾಗ ಅಕ್ಕಸಾಲಿಗನೂ ಅವಳನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದ. ದೂರದಿಂದ ಕಣ್ಣಳತೆ ನೋಡಿ ನಕ್ಕ.

“ಇದೇನು ಮೂಗೋ ಗೋಡೆಯೋ? ಎರಡು ಮೂಗುತಿಯ ಕಡ್ಡಿ ಬೇಕಲ್ಲೇ ಇದಕ್ಕೆ!”

“ಗ್ವಾಡೆನೇ ಸ್ವಾಮಿ,” ಎಂದಳು ಹುಲುಗವ್ವ. “ಮಳೆಗಾಲಕ್ಕೂ ಬಿದ್ದಿಲ್ಲ, ಬ್ಯಾಸಿಗೆಗೂ ಬಿರಿದಿಲ್ಲ. ಉದ್ದಕೇ ಮಾಡು.”

ಹಾಗೆ ನಾನು ಉದ್ದವಾದೆ. ದಪ್ಪ, ಅಗಲ ಮೂಗಿಗೆಂದೇ ಆದವನು ನಾನು. ತೆಳ್ಳನೆಯ ಮೂಗಿಗೆ ಹಾಕಿದರೆ ಒಳಗೆ ಚಾಚಿಕೊಂಡು ಚುಚ್ಚುತ್ತೇನೆ. ನನ್ನ ತಲೆ ಹೊರಗೆ ಲೋಕದಲ್ಲಿರುತ್ತದೆ, ಕಾಲು ಒಳಗೆ ಉಸಿರಿನಲ್ಲಿ. ಲೋಕ ನನ್ನ ಒಡತಿಯನ್ನು ಹೇಗೆ ನೋಡುತ್ತದೆ ಎಂಬುದೂ ನನಗೆ ಗೊತ್ತು, ಹಾಗೆ ನೋಡಿದಾಗ ಅವಳ ಉಸಿರು ಎಲ್ಲಿ ತಡೆಯುತ್ತದೆ ಎಂಬುದೂ ಗೊತ್ತು. ಕಣ್ಣುಗಳನ್ನು ನಾನು ಕೆಳಗಿನಿಂದ ನೋಡುವವನು. ಅಲ್ಲಿಂದ ಇಳಿದದ್ದು ಮೊದಲು ನನ್ನ ಮೇಲೇ ಬೀಳುತ್ತದೆ.

ಹುಲುಗವ್ವನ ಮೂಗಿನಿಂದ ನಾನು ಅವಳ ಮಗಳು ದುರುಗವ್ವನ ಮೂಗಿಗೆ ಬಂದೆ. ಅದೇ ಮೂಗು, ಅದೇ ಅಗಲ, ಅದೇ ಬಿಸಿಯುಸಿರು. ಆಸ್ಪತ್ರೆಗಳು ಬಂದು ಹೆರಿಗೆಯ ಕೆಲಸ ಹೋಗಿತ್ತು. ದುರುಗವ್ವ ಬಾಣಂತಿ, ಕೂಸುಗಳಿಗೆ ನೀರು ಹಾಕುವವಳಾದಳು. ಬೆಳಗಾದರೆ ಹಿಂಬಾಗಿಲಿನಿಂದ ಯಾರದೋ ಬಚ್ಚಲಿಗೆ ಹೋಗುವುದು, ಕಾಲು ಚಾಚಿ ಕೂರುವುದು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವುದು. ಕೈಕಾಲು ನೀವಿ, ತಲೆ ದುಂಡಗೆ ಒತ್ತಿ, ಕೊನೆಗೆ ಹೆಬ್ಬೆರಳು ತೋರುಬೆರಳಿನ ನಡುವೆ ಮೂಗು ಹಿಡಿದು ಮೇಲಿನಿಂದ ಕೆಳಕ್ಕೆ ತೀಡುವುದು. ಎಳೆಯ ಮೂಗು ಮೇಣದಂತೆ, ತೀಡಿದರೆ ಉದ್ದವಾಗುತ್ತದೆ ಎಂದು ಎಲ್ಲರ ನಂಬಿಕೆ. ಮನೆಯವರು ಸುತ್ತ ನಿಂತು, “ಇನ್ನೊಂಚೂರು ತೀಡು ದುರುಗವ್ವಾ, ನಿನ್ನ ಮೂಗಿನಂಗೆ ಆದೀತು!” ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ನಗು ಮೂಗಿನವರೆಗೆ ಬರುತ್ತಿರಲಿಲ್ಲ. ನಾನು ಅಲ್ಲೇ ಇದ್ದವನು, ನನಗೆ ಗೊತ್ತಿಲ್ಲವೇ? ಅವಳು ಹೊರಬಂದ ಮೇಲೆ ಬಚ್ಚಲು ತೊಳೆಯುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ದುರುಗವ್ವನ ಮಗ ಗಿರಣಿಯ ಕೆಲಸಕ್ಕೆ ಹೋಗುತ್ತ ಹರೆಯದಲ್ಲೇ ತೀರಿಕೊಂಡ. ಉಳಿದವರು ಸೊಸೆ ರೇಣವ್ವ, ಮೊಮ್ಮಗಳು ನೇತ್ರಾವತಿ. ನೇತ್ರಾವತಿಗೆ ಅಜ್ಜಿಯ ಮೂಗೇ ಬಂದಿತ್ತು. ಅವಳು ಮೈನೆರೆದಾಗ ಆರತಿ ಎತ್ತಿದ ಮೇಲೆ ಅಜ್ಜಿ ನನ್ನನ್ನು ಬಿಚ್ಚಿ ಮೊಮ್ಮಗಳಿಗೆ ಇಟ್ಟಳು. ತನ್ನ ತೂತು ಮುಚ್ಚಿಹೋಗದಿರಲೆಂದು ಅಲ್ಲಿಗೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು.

“ಮೂಗುತಿ ನಂಗೆ ಕೊಟ್ಟ ಮ್ಯಾಲೆ ಆ ಕಡ್ಡಿ ಯಾಕಜ್ಜಿ?” ಎಂದಳು ನೇತ್ರಾವತಿ.

“ನೀನು ಮುಂದೆ ನಂಗೊಂದು ವಜ್ರದ್ದು ಮಾಡ್ಸಲ್ವೇನು? ಅದಕ್ಕೆ ಜಾಗ ಹಿಡಿದಿಟ್ಟೀನಿ.”

ನನ್ನ ಬದುಕಿನಲ್ಲಿ ಅಷ್ಟು ಜೋರಾದ ನಗುವನ್ನು ನಾನು ಮತ್ತೆ ಕೇಳಲಿಲ್ಲ.

ನೇತ್ರಾವತಿ ಕಾಲೇಜಿಗೆ ಹೋದಳು. ಅಲ್ಲಿ ಗೆಳತಿಯೆನಿಸಿಕೊಂಡವಳೇ ಒಮ್ಮೆ ಹೇಳಿದಳು: “ನಿನ್ನ ಮಾತು ಕೇಳಿದ್ರೆ ಗೊತ್ತಾಗಲ್ಲ ಕಣೇ. ಮೂಗು ನೋಡಿದ್ರೆ ಗೊತ್ತಾಗುತ್ತೆ, ಯಾವ ಕೇರಿ ಅಂತ.” ಆಮೇಲೆ ನೇತ್ರಾವತಿ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಹೆಗಲ ಮೇಲೆ ಸೀರೆ ಹೊದ್ದು ಗಿರಾಕಿಗೆ ತೋರಿಸುವ ಕೆಲಸ. ವಾರ ಕಳೆಯುವುದರೊಳಗೆ ಅವಳನ್ನು ಹಿಂದಿನ ಕೋಣೆಗೆ, ಸೀರೆ ಮಡಿಸಲು ಕಳಿಸಿದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, “ಹುಡುಗಿ ಲಕ್ಷಣವಾಗಿದಾಳೆ, ಮೂಗೊಂದು...” ಎಂದು ಅಲ್ಲಿಗೇ ನಿಲ್ಲಿಸಿ ಕೈತೊಳೆಯಲು ಏಳುತ್ತಿದ್ದರು. ಬಂದವರು ಬೇರೆ ಜಾತಿಯವರೇನಲ್ಲ. ನಮ್ಮವರೇ. ಕೇರಿ ಬಿಟ್ಟು ಒಂದು ತಲೆಮಾರು ಕಳೆದವರು. ಮೈಮೇಲಿನ ಕೇರಿಯನ್ನೂ ಉಜ್ಜಿ ತೆಗೆಯಬೇಕೆಂದು ಹೊರಟವರು.

ಅವಳು ಕನ್ನಡಿಯ ಮುಂದೆ ನಿಂತು ಎರಡು ಬೆರಳಲ್ಲಿ ಮೂಗನ್ನು ಹಿಸುಕಿ ಹಿಡಿಯುತ್ತಿದ್ದಳು. ನನ್ನ ಕಾಲು ಒಳಗೆ ಚುಚ್ಚಿ ರಕ್ತ ಬಂದರೂ ಬಿಡುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿಯೇಬಿಟ್ಟಳು. “ಮೂಗಿನ ಆಪರೇಷನ್ ಮಾಡಿಸ್ಕೊತೀನಿ.”

ಅಜ್ಜಿಯ ತುತ್ತು ಕೈಯಲ್ಲೇ ನಿಂತಿತು. “ಏನಾಗೈತೆ ಮೂಗಿಗೆ? ಉಸಿರು ಬರ್ತಾ ಇಲ್ವಾ? ವಾಸನೆ ಹತ್ತುತಾ ಇಲ್ವಾ?”

“ಊರ ಮಂದಿ ಕೂಸುಗಳ ಮೂಗೆಲ್ಲ ತೀಡಿ ತೀಡಿ ಚೂಪು ಮಾಡಿದಿ. ನನ್ನದೊಂದು ಹಿಂಗೇ ಬಿಟ್ಟಿ. ಅವತ್ತು ನೀನು ತೀಡಿದ್ರೆ ಇವತ್ತು ನಾನು ಕೊಯ್ಸಿಕೊಳ್ಳೋದು ಇರ್ತಿರಲಿಲ್ಲ ಅಜ್ಜಿ.”

ಅಜ್ಜಿ ತುತ್ತನ್ನು ತಟ್ಟೆಗಿಟ್ಟಳು. “ನಿಂಗೆ ನೀರು ಹಾಕುವಾಗ ಮೂಗಿನತ್ರ ಕೈ ಬಂತು. ಅದ್ರಾಗೆ ನಮ್ಮವ್ವ ಕಂಡ್ಲು. ಬಿಟ್ಟೆ.”

“ನಿಂಗೆ ನಿಮ್ಮವ್ವ ಕಂಡ್ಲು. ಮಂದಿಗೆ ನಾನು ಕಾಣ್ತೀನಿ.”

ರೇಣವ್ವ ಮಗಳ ಪರ ನಿಂತಳು. “ಮಾಡಿಸ್ಕೊಳ್ಲಿ ಬಿಡತ್ತೆ. ಕಿವಿ ಚುಚ್ಚಿಸಲಿಲ್ವಾ? ಮೂಗು ಚುಚ್ಚಿಸಲಿಲ್ವಾ? ಅದೂ ಕೊಯ್ಯೋದೇ. ಚಂದಕ್ಕೆ ತಾನೇ?”

ಅಜ್ಜಿ ತಡೆದು ತಡೆದು ಅಂದಳು: “ಚುಚ್ಚಿದ್ದು ಇರೋ ಮೂಗಿಗೆ ಚಂದ ಮಾಡಾಕೆ. ಇದು ಮೂಗೇ ಇರಬಾರ್ದು ಅಂತ.”

“ನನ್ನಿಷ್ಟ ಅಂದ್ರೆ ಸೊಕ್ಕು ಅಂತೀರಿ. ಮಂದಿಗೋಸ್ಕರ ಅಂದ್ರೆ ಹೇಡಿ ಅಂತೀರಿ,” ನೇತ್ರಾವತಿಯ ದನಿ ಒಡೆಯಿತು. “ನಿಮ್ಮ ಮಾತು ಕೇಳ್ಕೊಂಡು ಹಿಂದಿನ ಕೋಣೆಯಾಗೆ ಸೀರೆ ಮಡಿಸೋಳು ನಾನು. ನೀವಲ್ಲ.”

ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ಸುಡುತ್ತಿತ್ತು. ಅವಳನ್ನು ಬೈಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಆಸ್ಪತ್ರೆಯ ಡಾಕ್ಟರು ಮೆದು ಮಾತಿನವರು. ನೀಲಿ ಪೆನ್ನಿನಿಂದ ಮೂಗಿನ ಮೇಲೆ ಗೆರೆ ಎಳೆದರು. ಒಂದು ಗೆರೆ ನನ್ನ ಪಕ್ಕದಲ್ಲೇ ಹಾದುಹೋಯಿತು. “ಈ ಅಗಲ ಕಡಿಮೆ ಮಾಡ್ತೀವಿ, ಇಲ್ಲಿ ಸ್ವಲ್ಪ ಎತ್ತರಿಸ್ತೀವಿ. ಮೂಗುತಿ ತೂತು ಏನು ಮಾಡೋಣಮ್ಮಾ? ಮುಚ್ಚಿಬಿಡೋಣ್ವಾ?”

“ಮುಚ್ಚಿಬಿಡಿ,” ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

ನರ್ಸು ನನ್ನನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ರೇಣವ್ವನ ಕೈಗೆ ಕೊಟ್ಟಳು. ರೇಣವ್ವ ಮನೆಗೆ ತಂದು ಅತ್ತೆಗೆ ಕೊಟ್ಟಳು. ಅಜ್ಜಿ ಬೇವಿನ ಕಡ್ಡಿ ಕಿತ್ತೆಸೆದು ನನ್ನನ್ನು ಮತ್ತೆ ಇಟ್ಟುಕೊಂಡಳು. ಹಿಡಿದಿಟ್ಟ ಜಾಗಕ್ಕೆ ವಜ್ರ ಬರಲಿಲ್ಲ, ನಾನೇ ಹಿಂತಿರುಗಿ ಬಂದೆ.

ಬಾವು ಇಳಿದ ಮೇಲೆ ನೇತ್ರಾವತಿಯ ಮೂಗು ನೀಳವಾಗಿ, ಸಣ್ಣದಾಗಿ ಕಂಡಿತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಅಜ್ಜಿಯ ಪಕ್ಕ ಕೂತಾಗ ಅವಳ ಉಸಿರಿನಲ್ಲೊಂದು ಸಣ್ಣ ಸೀಟಿ ಕೇಳುತ್ತಿತ್ತು. ಒಂದು ಹೊಳ್ಳೆಯಲ್ಲಿ ಗಾಳಿ ಸಲೀಸಾಗಿ ಹೋಗುತ್ತಿರಲಿಲ್ಲ.

ಸಂಬಂಧ ಕೂಡಿಬಂತು. ಶಿವಮೊಗ್ಗದವರು, ಸರ್ಕಾರಿ ನೌಕರಿಯ ಗಂಡು. ಅದಕ್ಕೆ ಮೊದಲೇ ತಾಯಿ ಮಗಳು ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅಜ್ಜಿ ಕೇರಿಯ ಮನೆಯಲ್ಲೇ ಉಳಿದಳು. ಮದುವೆಗೆ ಅಜ್ಜಿಯನ್ನು ಕರೆಯಲಿಲ್ಲ. ಅವಳಿಗೆ ಕಾಲು ಬರುವುದಿಲ್ಲವೆಂದು ಬೀಗರಿಗೆ ಹೇಳಿದರಂತೆ. ಮದುವೆಯ ದಿನ ಆ ಬರದ ಕಾಲಲ್ಲೇ ಅಜ್ಜಿ ಯಾರದೋ ಮನೆಯ ಕೂಸಿಗೆ ನೀರು ಹಾಕಲು ನಡೆದುಹೋದಳು. ನಾನು ಅವಳ ಮೂಗಿನ ಮೇಲಿದ್ದೆ.

ಹೆರಿಗೆಗೆ ನೇತ್ರಾವತಿ ತವರಿಗೆ ಬಂದಳು. ಹೆಣ್ಣುಕೂಸು. ಕೊಯ್ದ ಮೂಗು ಕೂಸಿನ ಮುಖದಲ್ಲಿ ತಿರುಗಿ ಬಂದು ಕೂತಿತ್ತು.

ಅಜ್ಜಿಗೆ ಆಗ ಕರೆ ಬಂತು. ಕೇರಿಯಿಂದ ಬಡಾವಣೆಗೆ ಬೆಳಬೆಳಗ್ಗೆ ನಡೆದು ಹೋಗಿ ನೀರು ಹಾಕುವಳು. ಅವಳ ಕಾಲ ಮೇಲೆ ಕೂಸು ಮಲಗಿದಾಗ ಅವಳ ಉಸಿರು ಎಷ್ಟು ಅಗಲವಾಗುತ್ತಿತ್ತು! ಕೈ ಎಲ್ಲ ಕಡೆ ಓಡಾಡುತ್ತಿತ್ತು, ಮೂಗೊಂದನ್ನು ಬಿಟ್ಟು.

“ತೀಡು ಅಜ್ಜಿ,” ಎನ್ನುತ್ತಿದ್ದಳು ನೇತ್ರಾವತಿ ಬಾಗಿಲಲ್ಲಿ ನಿಂತು. “ನಿನ್ನ ಕಾಲಿಗೆ ಬೀಳ್ತೀನಿ. ನಾನು ಪಟ್ಟಿದ್ದು ಇದು ಪಡಬಾರ್ದು. ಈಗ ತೀಡಿದ್ರೆ ಚಾಕು ತಪ್ಪುತ್ತೆ.”

“ನಾಳೆ ನೋಡಾಣ,” ಎನ್ನುತ್ತಿದ್ದಳು ಅಜ್ಜಿ. ಮರುದಿನವೂ ನಾಳೆಯೇ.

ಹಾಗಿರುವಾಗ ಒಂದು ಬೆಳಗ್ಗೆ ನೇತ್ರಾವತಿಯ ಅತ್ತೆ ಜಯಶೀಲಮ್ಮ ಮೊಮ್ಮಗಳನ್ನು ನೋಡಲು ಹೇಳದೆ ಕೇಳದೆ ಬಂದಿಳಿದರು. ನೇರ ಬಚ್ಚಲ ಬಾಗಿಲಿಗೇ ಬಂದರು. ಕೂಸಿನ ಮೂಗು ನೋಡಿದರು, ಆಮೇಲೆ ಅಜ್ಜಿಯ ಮೂಗು ನೋಡಿದರು.

“ಇವರು ಯಾರು?”

ನೇತ್ರಾವತಿಯ ಉಸಿರು ಸೀಟಿ ಹೊಡೆಯಿತು. “ನೀರು ಹಾಕೋ ಕೆಲಸದೋರು ಅತ್ತೆ.”

ಅಜ್ಜಿಯ ಉಸಿರು ನನ್ನ ಕಾಲ ಹತ್ತಿರ ಬಂದು ನಿಂತುಬಿಟ್ಟಿತು. ಹೊರಗೆ ಹೋಗಲಿಲ್ಲ, ಒಳಗೂ ಹೋಗಲಿಲ್ಲ.

“ಈ ಮೂಗು ನಮ್ಮ ಮನೇಲಿ ಯಾರಿಗೂ ಇಲ್ಲಪ್ಪ,” ಎಂದರು ಜಯಶೀಲಮ್ಮ. “ಚೆನ್ನಾಗಿ ತೀಡಮ್ಮಾ. ಇಲ್ಲಾಂದ್ರೆ ಥೇಟ್ ನಿನ್ನ ಮೂಗಿನ ಹಾಗೇ ಆಗಿಬಿಡುತ್ತೆ!”

ಅಜ್ಜಿ ಎಣ್ಣೆಗೈ ಎತ್ತಿದಳು. ಎರಡು ಬೆರಳು ಕೂಸಿನ ಮೂಗಿನವರೆಗೆ ಹೋದವು. ಅಲ್ಲಿಂದ ಹಿಂದೆ ಬಂದವು.

“ಊರ ಮೂಗೆಲ್ಲ ತೀಡಿ ನನ್ನ ಬೆಳ್ಳು ಸವೆದ್ವು ತಾಯಿ. ಈ ಮೂಗಿಗೆ ನಾನು ಕೈ ಹಚ್ಚಂಗಿಲ್ಲ.”

“ಅಬ್ಬಾ! ಕೆಲಸದೋಳಿಗೆ ಎಷ್ಟು ಮಾತು! ಬೇರೆ ಯಾರೂ ಸಿಗಲ್ವಾ ನಿಮ್ಮೂರಲ್ಲಿ?”

ಅಜ್ಜಿ ಕತ್ತೆತ್ತಿ ಮೊಮ್ಮಗಳನ್ನು ನೋಡಿದಳು. ನಾನೂ ನೋಡಿದೆ. ಒಂದೇ ಮಾತು ಸಾಕಿತ್ತು. ನಮ್ಮಜ್ಜಿ ಎಂದಿದ್ದರೆ ಸಾಕಿತ್ತು. ನೇತ್ರಾವತಿಯ ತುಟಿ ಅಲುಗಿತು.

“ನಾಳೆಯಿಂದ ನೀವು ಬರಬೇಡಿ.”

ನೀವು! ಹುಟ್ಟಿದಾಗಿನಿಂದ ನೀನು, ನೀನು ಎಂದು ಜಗಳಾಡಿದ ಬಾಯಿ ಅದು. ಬೈಗುಳವಾಗಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳು. ಆ ಮರ್ಯಾದೆಯನ್ನು ತಡೆದುಕೊಳ್ಳಲು ಆಗಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಜಯಶೀಲಮ್ಮ ಕೈಯಿಂದಲೇ ಈಸಿಕೊಂಡರು, ಹುಲುಗವ್ವನ ಕಾಲದ ಹಾಗೆಯೇ. ನಾವು ಕೇರಿಗೆ ನಡೆದೆವು. ದಾರಿಯುದ್ದ ಅವಳ ಉಸಿರು ಗಿಡ್ಡವಾಗಿತ್ತು. ಆಮೇಲೆ ಅದು ಉದ್ದವಾಗಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿ ಹೋದಳು. ನೇತ್ರಾವತಿ ಶಿವಮೊಗ್ಗದಿಂದ ಕೂಸನ್ನು ಎತ್ತಿಕೊಂಡು ಬಂದಳು.

“ನಿಮ್ಮತ್ತೆಗೆ ಏನಂತ ಹೇಳಿ ಬಂದಿ?” ಎಂದು ರೇಣವ್ವ ಕೇಳಿದಳು.

“ನೀರು ಹಾಕ್ತಿದ್ದೋರು ತೀರ್ಕೊಂಡ್ರು ಅಂದೆ. ಕೆಲಸದೋಳು ಸತ್ರೆ ನೀನ್ಯಾಕೆ ಹೋಗ್ಬೇಕು ಅಂದ್ರು. ಕೂಸಿಗೆ ಡಾಕ್ಟರ್ ತೋರಿಸ್ಬೇಕು ಅಂತ ಸುಳ್ಳು ಹೇಳಿ ಬಂದೆ.”

ಕೇರಿಯ ಹೆಂಗಸರು ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಊರಿಗೆಲ್ಲ ನೀರು ಹಾಕಿದವಳಿಗೆ ಮೊಮ್ಮಗಳು ನೀರು ಹಾಕಿದಳು. ಮುಖ ತೊಳೆಯುವಾಗ ಕೈ ಮೂಗಿನ ಮೇಲೆ ನಿಂತಿತು. “ಅಜ್ಜೀ,” ಎಂದು ಕೂಗಿದಳು. ಎಷ್ಟು ಜೋರಾಗಿ ಕೂಗಿದಳೆಂದರೆ ಹೊರಗೆ ತಮಟೆಯವರ ಕೈ ನಿಂತಿತು. ಆದರೆ ಆ ಮಾತು ಕೇಳಿಸಬೇಕಾದವರು ಯಾರೂ ಅಲ್ಲಿರಲಿಲ್ಲ.

ನನ್ನ ತಿರುಪು ಬಿಗಿದುಕೊಂಡಿತ್ತು. ಎಣ್ಣೆ ಹಾಕಿ ಅವಳೇ ಬಿಚ್ಚಿದಳು. ಮೊದಲ ಸಲ ನನ್ನ ಕಾಲಿಗೆ ಉಸಿರು ತಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ನನ್ನನ್ನು ತನ್ನ ಮೂಗಿಗೆ ಒತ್ತಿ ನೋಡಿದಳು. ತೂತಿರಲಿಲ್ಲ. ಒತ್ತಿದಷ್ಟೂ ಚರ್ಮ ಕೆಂಪಾಯಿತು. ಆಮೇಲೆ ಮಡಿಲಲ್ಲಿ ಮಲಗಿದ್ದ ಕೂಸಿನ ಮೂಗಿನ ಪಕ್ಕಕ್ಕೆ ನನ್ನನ್ನು ಹಿಡಿದಳು. ಬೇರೆಯವರನ್ನು ಕರೆಸಿ ತಿಂಗಳುಗಟ್ಟಲೆ ತೀಡಿಸಿದ್ದರು. ಮೂಗು ಒಂದೆಳೆಯೂ ಬದಲಾಗಿರಲಿಲ್ಲ.

“ದೊಡ್ಡೋಳಾದ ಮ್ಯಾಲೆ ನೋಡಾಣ ಬಿಡು,” ಎಂದಳು ರೇಣವ್ವ.

ಏನನ್ನು ನೋಡುವುದೆಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈಗ ನಾನು ಶಿವಮೊಗ್ಗದ ಮನೆಯ ಬೀರುವಿನಲ್ಲಿ, ಸೀರೆಗಳ ಹಿಂದೆ, ಅಜ್ಜಿಯ ಬಜೆಬೇರಿನ ಡಬ್ಬಿಯೊಳಗಿದ್ದೇನೆ. ಕತ್ತಲು, ಬಜೆಯ ವಾಸನೆ. ಹರಳು ಮಬ್ಬಾಗಿದೆ. ಮೂಗು ಕೊಯ್ದವರು ಡಾಕ್ಟರು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅವರು ಕೊನೆಯವರು. ಮೆಟ್ಟಿಲ ಕೆಳಗೆ ನಿಲ್ಲಿಸಿ ನಕ್ಕವನು ಮೊದಲು ಕೊಯ್ದ. ಉಪ್ಪಿಟ್ಟು ತಿಂದು ಎದ್ದವರು ಕೊಯ್ದರು. ನೇತ್ರಾವತಿ ಚಾಕುವಿಗೆ ಮೂಗು ಒಡ್ಡುವ ಹೊತ್ತಿಗೆ ಕೊಯ್ಯಲು ಉಳಿದದ್ದು ಚರ್ಮ ಮಾತ್ರ.

ಬೀರುವಿನ ಆಚೆ ಆ ಹುಡುಗಿ ಈಗ ಓಡಾಡುತ್ತಾಳೆ, ಬಿದ್ದು ಅಳುತ್ತಾಳೆ, ಮೂಗು ತುಂಬ ಉಸಿರೆಳೆದು ಮತ್ತೆ ನಗುತ್ತಾಳೆ. ಸೀಟಿಯಿಲ್ಲದ ಉಸಿರು. ಒಂದೊಂದು ದಿನ ಅವಳಮ್ಮ ಬೀರು ತೆರೆದು, ಡಬ್ಬಿಯನ್ನು ಮುಟ್ಟಿ, ತೆರೆಯದೆ ಹಾಗೇ ಮುಚ್ಚಿ ಹೋಗುತ್ತಾಳೆ. ಅವಳು ಯಾವುದಕ್ಕೆ ಕಾಯುತ್ತಿದ್ದಾಳೋ ನನಗೆ ಗೊತ್ತಿಲ್ಲ. ಆ ಮೂಗು ಬೆಳೆಯುತ್ತಿದೆ. ನನ್ನನ್ನು ಕರಗಿಸದೆ ಬಿಟ್ಟರೆ, ಆ ಮೂಗಿಗೆ ಸಾಲುವಷ್ಟು ನನ್ನ ಕಡ್ಡಿ ಇನ್ನೂ ಉದ್ದವಾಗಿಯೇ ಇದೆ.