ಪಕ್ಕದ ಮಂಚದ ಸ್ಕೇರ್

೧೯೪೩. ದೇವನಹಳ್ಳಿಯಿಂದ ಆವತಿಗೆ ಹೋಗುವ ದಾರಿಯಲ್ಲಿ ಸೈನ್ಯದವರು ತಗಡು ಹೊದಿಸಿ ಎಬ್ಬಿಸಿದ್ದ ಆಸ್ಪತ್ರೆ. ಬಿ.ಎ. ಮುಗಿಸಿದ್ದ ನನಗೆ ಅಲ್ಲಿ ದುಭಾಷಿ ಕೆಲಸ. ಡಾಕ್ಟರ ಕೆಮ್ಮಿನಿಂದ ಹಿಡಿದು ಎತ್ತಿನ ಗಾಡಿಯ ಕೀರಲಿನವರೆಗೆ ಎಲ್ಲವನ್ನೂ ಅಣಕಿಸುತ್ತಿದ್ದೆ. ಸಂಬಳ ಇಂಗ್ಲಿಷಿಗೆ, ಬೇಡಿಕೆ ಅಣಕಕ್ಕೆ.

ಅಕ್ಕಪಕ್ಕ ಎರಡು ಮಂಚ. ಒಂದರಲ್ಲಿ ಸ್ಕಾಟ್ಲೆಂಡಿನ ದ್ವೀಪದ ಸಿಪಾಯಿ, ಗಡ್ಡದ ಕ್ಯಾಲಮ್, ಮನೆಮಾತು ಗೇಲಿಕ್. ಇನ್ನೊಂದರಲ್ಲಿ ಹಡಗಿನ ಬೆಂಕಿಯಲ್ಲಿ ಕಣ್ಣು ಸುಟ್ಟುಕೊಂಡ ಡೆನ್ಮಾರ್ಕಿನ ಯೆನ್ಸ್. ಅವನಿಗೆ ಬರುತ್ತಿದ್ದ ಇಂಗ್ಲಿಷ್ ನಾಲ್ಕೇ ಮಾತು. ಇಬ್ಬರ ಭಾಷೆಗೂ ಹೊಂದಿದ್ದು ಒಂದು ಪದ: ಸ್ಕೇರ್. ಕಡಲ ನೀರಿಳಿದಾಗ ತಲೆ ಎತ್ತುವ ಬಂಡೆ. ಯೆನ್ಸ್ 'ರ' ನುಂಗುತ್ತಿದ್ದ, ಕ್ಯಾಲಮ್ ಉರುಳಿಸುತ್ತಿದ್ದ. ಗಂಜಿ ಬಂದಾಗ ಯೆನ್ಸ್ 'ಸ್ಕೇರ್' ಎನ್ನಬೇಕು, ಕ್ಯಾಲಮ್ 'ಸ್ಕೆರ್ರ್' ಎನ್ನಬೇಕು. ಆಮೇಲೇ ಯೆನ್ಸ್ ಬಾಯಿ ತೆರೆಯುತ್ತಿದ್ದುದು.

"ಕೆರೆ ಕೆರೆ ಅಂತ ಏನ್ ಸ್ವಾಮಿ ಬಡ್ಕೋತಾವೆ? ನೀರ್ ಬೇಕಂತಾ?" ಎಂದಳು ಕಸ ಗುಡಿಸುವ ಲಕ್ಕಮ್ಮ.

"ನೀರಲ್ಲ ಕಣಮ್ಮ, ನೀರೊಳಗಿನ ಬಂಡೆ."

ಗುರುವಾರ ಬೆಳಿಗ್ಗೆ, ಯೆನ್ಸ್‌ನನ್ನು ಪಟ್ಟಿ ಬದಲಿಸಲು ಕರೆದೊಯ್ದಿದ್ದಾಗ, ಜ್ವರ ಏರಿ ಕ್ಯಾಲಮ್ ಹೋಗಿಬಿಟ್ಟ.

"ಸೋಮವಾರದವರೆಗೂ ಯೆನ್ಸ್‌ಗೆ ಹೇಳ್ಬೇಡಿ, ಸ್ವಲ್ಪ ಚೇತರಿಸ್ಕೊಳ್ಳಲಿ," ಎಂದರು ನರ್ಸಮ್ಮ. "ತಿನ್ನೋದು ಬಿಟ್ರೆ ಉಳಿಯಲ್ಲ."

ಮಧ್ಯಾಹ್ನ ಗಂಜಿಯ ಹೊತ್ತಿಗೆ ಖಾಲಿ ಮಂಚದ ಮೇಲೆ ನಾನೇ ಮಲಗಿದೆ.

"ಸ್ಕೇರ್," ಎಂದ ಯೆನ್ಸ್.

ಕ್ಯಾಲಮ್‌ನ ಎದೆಯ ಗೊರಗೊರವನ್ನೂ ಸೇರಿಸಿ, ನಾಲಿಗೆ ಉರುಳಿಸಿ, "ಸ್ಕೆರ್ರ್," ಎಂದೆ. ನರ್ಸಮ್ಮ ಬೆಚ್ಚಿದರು. ಅಷ್ಟು ಚೆನ್ನಾಗಿ ನಾನು ಯಾರನ್ನೂ ಅಣಕಿಸಿರಲಿಲ್ಲ.

ಯೆನ್ಸ್ ಬಾಯಿ ತೆರೆದ. ತುತ್ತಿಗೆ ಮುನ್ನವೇ ತಡೆದು ಮೂಗರಳಿಸಿದ.

ಬಗ್ಗಿ ನೋಡಿದೆ. ಮಂಚದ ಕೆಳಗೆ, ಕ್ಯಾಲಮ್‌ನ ತಲೆಯಿದ್ದ ಕಡೆ, ಹಣತೆ. ಜೀವ ಹೋದ ಜಾಗ ಕತ್ತಲಿರಬಾರದೆಂದು ಲಕ್ಕಮ್ಮ ಹಚ್ಚಿಟ್ಟಿದ್ದಳು. ಹರಳೆಣ್ಣೆಯ ವಾಸನೆ ಹುಟ್ಟಿದಾಗಿನಿಂದ ಅದಕ್ಕೆ ಪಳಗಿದ ನನ್ನ ಮೂಗಿಗೆ ತಟ್ಟಿರಲೇ ಇಲ್ಲ. ಹೋದ ತಿಂಗಳು ಮೂಲೆಯ ಮಂಚದವನು ಸತ್ತಾಗಲೂ ಅವಳು ಹಚ್ಚಿದ್ದಳು. ಇದೇನು ವಾಸನೆಯೆಂದು ಯೆನ್ಸ್ ಕೇಳಿದ್ದ. ಸಾವು, ದೀಪ ಎಂದು ಅವನಿಗೆ ತಿಳಿಯುವ ಇಂಗ್ಲಿಷಿನಲ್ಲೇ ದೊಡ್ಡ ಪಂಡಿತನಂತೆ ವಿವರಿಸಿದವನು ನಾನೇ.

ಅವನ ಕೈ ತಡವುತ್ತ ಬಂದು ನನ್ನ ಕೆನ್ನೆ ಮುಟ್ಟಿತು. ಗಡ್ಡವಿಲ್ಲ. ನನ್ನ ತುಟಿಯ ಮೇಲೆ ಬೆರಳಿಟ್ಟು, ಬೇಡವೆಂಬಂತೆ ತಲೆಯಾಡಿಸಿ, ಗೋಡೆಯತ್ತ ತಿರುಗಿದ.

ಮೂರು ದಿನ ಗಂಜಿ ಕೆನೆಕಟ್ಟಿ ಹಿಂದಕ್ಕೆ ಹೋಯಿತು. ನನ್ನದೇ ದನಿಯಲ್ಲಿ 'ಸ್ಕೇರ್' ಎಂದು ನೋಡಿದೆ. ಅವನು ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡ.

ಭಾನುವಾರ ಲಕ್ಕಮ್ಮ ಎಣ್ಣೆಯ ಗಿಂಡಿ ಹಿಡಿದು ಬಂದಳು. "ದೀಪ ಸಣ್ಣಗಾಯ್ತು ಸ್ವಾಮಿ. ಇನ್ನೊಸಿ ಹಾಕ್ಲಾ?"

"ಹಾಕು," ಎಂದೆ, ಯೆನ್ಸ್‌ನ ಮಂಚದತ್ತ ನೋಡಿ. "ಇನ್ನೊಂದು ಬತ್ತೀನೂ ಹೊಸೆದಿಟ್ಟಿರು."