ಮೇಲಿನ ಒಂದು ಗೇಣು

ಹತ್ತೊಂಬತ್ತು ವರ್ಷದಿಂದ ನಾನು ಮಣ್ಣು ಸೀಳುತ್ತಿದ್ದೇನೆ. ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಅಲ್ಲಿನ ಕೆಸರನ್ನು ಪದರ ಕದಡದಂತೆ ಎತ್ತಿ ನಮ್ಮ ಪ್ರಯೋಗಾಲಯಕ್ಕೆ ತರುತ್ತಾರೆ. ಅದನ್ನು ಉದ್ದಕ್ಕೆ ಸೀಳಿ, ಒರೆಸಿ, ದಾಖಲೆಗೆ ಸಹಿ ಹಾಕಿ ಮೇಜಿನ ಮೇಲಿಡುವುದು ನನ್ನ ಕೆಲಸ. ಅಕ್ಕ ನನ್ನನ್ನು ಕೆಸರಮ್ಮ ಎಂದೇ ಕರೆಯುವುದು.

ಸೀಳುವ ಮೊದಲು ಒಂದು ಪದ್ಧತಿಯಿದೆ. ಮೇಲ್ತುದಿಯ ಒಂದು ಗೇಣು ಕೆಸರನ್ನು ಕೊಯ್ದು ಬಕೆಟ್ಟಿಗೆ ಹಾಕಬೇಕು. ಅದು ಮೆತ್ತಗಿರುತ್ತದೆ, ಗಲೀಜಾಗಿರುತ್ತದೆ, ಪ್ಲಾಸ್ಟಿಕ್ ಎಳೆ, ಬಾಟಲಿ ಮುಚ್ಚಳದ ಚೂರು ಇರುತ್ತವೆ. ನಮ್ಮ ಮುಖ್ಯಸ್ಥರಿಗೆ ಹತ್ತು ಸಾವಿರ ವರ್ಷ ಹಳೆಯದಾಗದೆ ಮಣ್ಣು ಮಣ್ಣೇ ಅಲ್ಲ. ಬಕೆಟ್ ತುಂಬಿದಾಗಲೆಲ್ಲ ನಾನು ಹಿತ್ತಿಲ ಗುಂಡಿಗೆ ಸುರಿದು ಕೈ ತೊಳೆದುಕೊಂಡು ಬರುತ್ತಿದ್ದೆ. ಅದು ಏನು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ, ಆ ನಾಚಿಕೆ ನನಗೆ ಇವತ್ತಿಗೂ ಇದೆ.

ಅಕ್ಕನ ಮನೆ ಕೆರೆ ಬೀದಿಯಲ್ಲಿದೆ. ನಲ್ಲಿಗೆ ಆ ಕೆರೆಯದೇ ನೀರು, ಆಚೆ ದಡದಲ್ಲಿ ಬ್ಯಾಟರಿ ಕಾರ್ಖಾನೆ. ಅಕ್ಕನ ಮಗಳಿಗೆ ಏಳು ವರ್ಷ. ಐದನೆಯ ವಯಸ್ಸಿನಲ್ಲಿ ನೂರರವರೆಗೆ ಪಟಪಟನೆ ಎಣಿಸುತ್ತಿದ್ದ ಹುಡುಗಿ ಈಗ ನಾಲ್ಕು ದಾಟುವಷ್ಟರಲ್ಲಿ ಮರೆಯುತ್ತಾಳೆ. ರಕ್ತದಲ್ಲಿ ಸೀಸ ತುಂಬಿದೆ ಎಂದರು ಡಾಕ್ಟರು. ಬೀದಿಯವರೆಲ್ಲ ಸೇರಿ ದೂರು ಕೊಟ್ಟರು, ಕಾರ್ಖಾನೆಯ ಮೋರಿ ಮುಚ್ಚಿಸಿ, ಬೇರೆ ಕಡೆಯಿಂದ ನೀರು ಕೊಡಿ ಎಂದು. ಕೆರೆಯ ತಳ ಪರೀಕ್ಷಿಸುವ ಕೆಲಸ ನಮ್ಮ ಪ್ರಯೋಗಾಲಯಕ್ಕೇ ಬಂತು. ಹನ್ನೆರಡು ಕೊಳವೆಗಳನ್ನು ನಾನೇ ಸೀಳಿದೆ.

ತಿಂಗಳಾದ ಮೇಲೆ ಅಕ್ಕ ಒಂದು ಕಾಗದ ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಕೆರೆಯ ಕೆಸರಿನಲ್ಲಿ ಸೀಸ ಸಹಜ ಪ್ರಮಾಣದಲ್ಲಷ್ಟೇ ಇದೆ ಎಂದು ನಮ್ಮ ವರದಿ ಹೇಳಿತ್ತು. ಕಾರ್ಖಾನೆಯ ವಕೀಲರು ಅದನ್ನೇ ಹಿಡಿದು ಕುಣಿಯುತ್ತಿದ್ದರು.

"ಕೆಳಗೆ ನಿನ್ನ ಸಹಿ ಇದೆಯಲ್ಲೇ," ಎಂದಳು ಅಕ್ಕ. ಬೈಯಲೂ ಇಲ್ಲ, ಅಳಲೂ ಇಲ್ಲ.

ಕಾಗದದ ಅಂಚಿನಲ್ಲೇ ಲೆಕ್ಕ ಹಾಕಿದೆ. ಆ ಕೆರೆಯಲ್ಲಿ ಒಂದು ಗೇಣು ಕೆಸರು ಕೂರಲು ನಲವತ್ತು ವರ್ಷ ಬೇಕು. ಕಾರ್ಖಾನೆಗೆ ಹನ್ನೊಂದು ವರ್ಷ. ಕಾರ್ಖಾನೆ ಇಡಿಯಾಗಿ ನನ್ನ ಬಕೆಟ್ಟಿಗೆ ಹೋಗಿತ್ತು, ಅದು ಹುಟ್ಟುವ ಮೊದಲಿನ ಮಣ್ಣನ್ನು ಪರೀಕ್ಷಿಸಿ ಅದು ನಿರಪರಾಧಿ ಎಂದು ನಾವು ಬರೆದುಕೊಟ್ಟಿದ್ದೆವು.

ಮಾರನೆಯ ಬೆಳಿಗ್ಗೆಯೇ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಲಂಚ ತಿನ್ನುವವರಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಕನ್ನಡಕ ಒರೆಸಿಕೊಳ್ಳುತ್ತ, ಮೇಲಿನ ಕೆಸರು ಕದಡಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ ಎಂದರು.

"ನಾವು ನೋಡೋದು ಭೂಮಿಯ ಚರಿತ್ರೆ ಕಣಮ್ಮ. ಅದು ಬರೀ ಕಸ."

"ಹಾಗಾದ್ರೆ ನಾವೆಲ್ಲ ಎಲ್ಲಿ ಬದುಕಿದ್ದೀವಿ ಸಾರ್?"

ಅವರು ಕನ್ನಡಕ ಹಾಕಿಕೊಂಡು ಕಡತ ತೆರೆದರು.

ಕೊಳವೆ ಒಡೆದುಹೋದರೆ ಇರಲಿ ಎಂದು ಪ್ರತಿ ಸಲ ಒಂದನ್ನು ಹೆಚ್ಚಿಗೆ ತರುತ್ತಾರೆ. ಹದಿಮೂರನೆಯದು ತಣ್ಣನೆ ಕೋಣೆಯಲ್ಲಿ ಹಾಗೇ ಇತ್ತು. ಯಾರನ್ನೂ ಕೇಳದೆ ತುದಿಯಿಂದ ತುದಿಗೆ ಸೀಳಿದೆ. ಕೆಳಗೆಲ್ಲ ಮಳೆಗಾಲಕ್ಕೊಂದು ತಿಳಿ ಗೆರೆ, ಬೇಸಿಗೆಗೊಂದು ಕಪ್ಪು ಗೆರೆ, ಅಚ್ಚುಕಟ್ಟಾಗಿ ಕೂತಿದ್ದವು. ಮೇಲಿನಿಂದ ಎಣಿಸಿದರೆ ಹನ್ನೊಂದನೆಯ ತಿಳಿ ಗೆರೆಯವರೆಗೂ ಬಣ್ಣವೇ ಕೆಟ್ಟು ಸೀಸದ ಬೂದಿಯಂತಾಗಿತ್ತು. ಗೆರೆಗಳು ಮಾತ್ರ ಒಂದೂ ಕದಡಿರಲಿಲ್ಲ. ಪಕ್ಕದ ಕೋಣೆಯಲ್ಲಿ ಪರೀಕ್ಷೆ ಮಾಡುವ ಗೆಳತಿ ತುಣುಕುಗಳನ್ನು ಯಂತ್ರಕ್ಕೆ ಹಾಕಿ ಚೀಟಿ ಕೊಟ್ಟಳು. ಕೆಳಗಿನದಕ್ಕಿಂತ ಅರವತ್ತು ಪಟ್ಟು ಸೀಸ.

ದೂರಿನ ವಿಚಾರಣೆಯ ದಿನ ಸೀಳಿದ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ವಿಚಾರಣೆಯ ಅಧಿಕಾರಿಯ ಮೇಜಿನ ಮೇಲಿಟ್ಟೆ, ಚೀಟಿಯನ್ನೂ ಇಟ್ಟೆ. ಮೇಲಿನ ಗೇಣು ಬಿಸಾಡತಕ್ಕದ್ದು ಎಂಬುದು ಪ್ರಯೋಗಾಲಯದ್ದೇ ಪದ್ಧತಿ ಎಂದರು ವಕೀಲರು. ಉಳಿದ ಹನ್ನೆರಡರ ಮೇಲ್ತುದಿ ಬಿಸಾಡಿದವರು ಯಾರು ಎಂದು ಅಧಿಕಾರಿ ಕೇಳಿದರು. ಮುಖ್ಯಸ್ಥರು ಚಾವಣಿ ನೋಡಿದರು.

"ನಾನೇ," ಎಂದೆ. "ತಪ್ಪು ನಂದೂ ಇದೆ. ಬರ್ಕೊಳ್ಳಿ."

ಇದರಲ್ಲಿ ವರ್ಷ ಗೊತ್ತಾಗುವುದು ಹೇಗೆ ಎಂದು ಅಧಿಕಾರಿ ಕೇಳಿದಾಗ, ಒಂದು ತಿಳಿ ಗೆರೆ ಎಂದರೆ ಒಂದು ವರ್ಷ, ಯಾರು ಬೇಕಾದರೂ ಎಣಿಸಬಹುದು ಎಂದೆ. ಅಕ್ಕನ ಪಕ್ಕದಲ್ಲಿದ್ದ ಹುಡುಗಿ ಅದನ್ನು ತನಗೇ ಹೇಳಿದ್ದು ಎಂದುಕೊಂಡು ಎದ್ದು ಬಂದಳು. ಮೇಲ್ತುದಿಯಲ್ಲಿ ಬೆರಳಿಟ್ಟು ಜೋರಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಬೆರಳು ನಿಂತಿತು. ಮತ್ತೆ ಮೇಲಿನಿಂದ ಎಣಿಸಿದಳು, ಮತ್ತೆ ಅಲ್ಲೇ ನಿಂತಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಗುವನ್ನು ಆಚೆ ಕರೆದುಕೊಂಡು ಹೋಗಿ ಎಂದರು ವಕೀಲರು.

"ಎಣಿಸಲಿ ಬಿಡಿ," ಎಂದೆ. "ಏಳನೇದು ಅವಳು ಹುಟ್ಟಿದ ವರ್ಷ. ಅಲ್ಲಿಗೆ ಮುಟ್ಟೋವರೆಗೂ ಎಲ್ಲರೂ ಕಾಯೋಣ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವಳು ಬೆರಳಿನ ಕೆಸರನ್ನು ಫ್ರಾಕಿಗೆ ಒರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದಳು.